ನುಣ್ಣಗಾದ ಗೋಡೆಗಳು

ದೊಡ್ಡಕ್ಕನಿಗೆ ಕಣ್ಣು ಕಾಣುವುದಿಲ್ಲ ಎಂದು ಆ ಮನೆಗೆ ಬಂದವರಿಗೆ ತಿಳಿಯಲು ಅರ್ಧ ದಿನವಾದರೂ ಬೇಕಿತ್ತು. ಬಂದವರೆಲ್ಲ ಬಾಗಿಲ ಮೇಲಿನ ಅಡ್ಡಗಲ್ಲಿಗೆ ಹಣೆ ಬಡಿಸಿಕೊಂಡು, ಎತ್ತರದ ಹೊಸ್ತಿಲಿಗೆ ಕಾಲು ತಾಗಿಸಿಕೊಂಡು, ಎರಡು ಕಡೆಯೂ ಪೆಟ್ಟು ತಿಂದು ಒಳಗೆ ಕೂತಿರುತ್ತಿದ್ದರು. ಅಷ್ಟರಲ್ಲಿ ದೊಡ್ಡಕ್ಕ ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಯಿಂದ ಬಂದು, ಬಗ್ಗಿದ್ದೂ ಗೊತ್ತಾಗದಂತೆ ಬಗ್ಗಿ, ಒಂದು ಹನಿ ಚೆಲ್ಲದೆ ಅಡುಗೆಮನೆಗೆ ಹೋಗುತ್ತಿದ್ದಳು. "ಈ ಮನೇಲಿ ಕಣ್ಣಿದ್ದೋರಿಗೇ ಪೆಟ್ಟು ಬೀಳೋದು," ಎಂದು ಅವಳೇ ನಗುತ್ತಿದ್ದಳು. ಆಗ ಬಂದವರು ಅವಳ ಮುಖವನ್ನು ಸರಿಯಾಗಿ ನೋಡುತ್ತಿದ್ದರು.

ಅವಳು ಹುಟ್ಟಿದ್ದು ಕಾಣುವ ಕಣ್ಣಿನಿಂದಲೇ. ಒಂಬತ್ತು ವರ್ಷದವಳಿದ್ದಾಗ ಒಂದು ಜ್ವರ ಬಂತು. ಜ್ವರ ಇಳಿದು ಎದ್ದು ಕೂತಾಗ, "ಯಾಕಮ್ಮ ಇನ್ನೂ ದೀಪ ಹಚ್ಚಿಲ್ಲ?" ಎಂದು ಕೇಳಿದಳಂತೆ. ಹೊರಗೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ತಾಯಿ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ಮಗುವನ್ನು ಮೂಲೆಯಿಂದ ಎಬ್ಬಿಸಿದವನು ಅಜ್ಜ. ತಾಯಿ ಅವಳನ್ನು ಕೂತಲ್ಲೇ ಉಣಿಸಿ, ಕೂತಲ್ಲೇ ತಲೆ ಬಾಚಿ, ಗಾಜಿನ ಬಟ್ಟಲಿನಂತೆ ಇಟ್ಟುಕೊಂಡಿದ್ದಳು. ಅಜ್ಜ ಒಂದು ಬೆಳಿಗ್ಗೆ ಬಂದು ಮೊಮ್ಮಗಳ ಕೈ ಹಿಡಿದು ಗೋಡೆಯ ಮೇಲೆ ಇಟ್ಟ.

"ಇದೇನು ಹೇಳು."

"ಗೋಡೆ."

"ಗೋಡೆ ಅಂತ ಕತ್ತೆಗೂ ಗೊತ್ತು. ಯಾವ ಗೋಡೆ?"

ಅವಳಿಗೆ ಗೊತ್ತಿರಲಿಲ್ಲ. ಕಣ್ಣಿದ್ದಾಗ ಅವಳು ಗೋಡೆಯನ್ನು ಯಾವತ್ತೂ ನೋಡಿರಲಿಲ್ಲ. ಗೋಡೆಯನ್ನು ಯಾರು ನೋಡುತ್ತಾರೆ?

ಆ ಮನೆ ಒಂದೇ ಸಲಕ್ಕೆ ಎದ್ದದ್ದಲ್ಲ. ಮೊಟ್ಟಮೊದಲು ಇದ್ದದ್ದು ಒಂದೇ ಕೋಣೆ, ಈಗ ಕಾಳು ತುಂಬುವ ಕೋಣೆ. ಹೊಲ ಹಸನು ಮಾಡುವಾಗ ಎದ್ದ ಕಲ್ಲುಗಳನ್ನು ಉಳಿಯಿಂದ ಮುಟ್ಟದೆ, ಮಣ್ಣಿನಲ್ಲಿ ಕೂರಿಸಿ ಏರಿಸಿದ ಗೋಡೆ ಅದು. ಕಲ್ಲುಗಳು ಎತ್ತಿನ ತಲೆಯಷ್ಟು ದಪ್ಪ, ಉರುಟು, ಬಿಸಿಲುಗಾಲದಲ್ಲೂ ತಣ್ಣಗೆ. ಮುಂದಿನ ತಲೆಮಾರಿನವರು ಅದಕ್ಕೆ ಅಂಟಿಕೊಂಡಂತೆ ನಡುಮನೆ ಮತ್ತು ಅಡುಗೆಮನೆ ಕಟ್ಟಿದರು. ಅಲ್ಲಿ ಕಲ್ಲುಗಳು ಸಾಲಿಗೆ ಬಂದಿದ್ದವು, ನಡುವೆ ಸುಣ್ಣದ ಗಾರೆಯಿತ್ತು, ಬೆರಳಿಟ್ಟರೆ ಗೆರೆ ಸಿಗುತ್ತಿತ್ತು. ಅಜ್ಜನ ಅಪ್ಪ ಕೈ ಸ್ವಲ್ಪ ಓಡಿದ ಕಾಲದಲ್ಲಿ ಮೇಲಟ್ಟ ಏರಿಸಿ, ಬಾಗಿಲು ಕಿಟಕಿಗಳ ಅಂಚಿಗೆ ಉಳಿಯಿಂದ ಕಡೆದ ಕಲ್ಲು ಕೂರಿಸಿದ್ದ. ಮನೆಯ ಇನ್ನೊಂದು ತುದಿಗೆ ಅದೇ ಸೂರಿನಡಿ ಕೊಟ್ಟಿಗೆ. ಗಂಜಲ ಮನೆಯ ಕಡೆ ಹರಿಯಬಾರದೆಂದು ಅದನ್ನು ಒಂದು ಮೆಟ್ಟಿಲು ತಗ್ಗಿಸಿದ್ದರು. ದನಗಳ ಮೈಶಾಖ ನಡುಗೋಡೆಯಲ್ಲಿ ಇಳಿದು ಬಂದು ಚಳಿಗಾಲದಲ್ಲಿ ನಡುಮನೆಯನ್ನು ಬೆಚ್ಚಗಿಡುತ್ತಿತ್ತು.

ಅಜ್ಜ ಇದನ್ನೆಲ್ಲ ಅವಳ ಅಂಗೈಗೆ ಹೇಳಿಕೊಟ್ಟ. ಗೋಡೆಯೆಂದರೆ ಒಂದು ಗೋಡೆಯಲ್ಲ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು. ನಡುವೆ ಚೂರುಗಲ್ಲು, ಮಣ್ಣು. ಎರಡೂ ಬೇರೆಯಾಗದಂತೆ ಅಲ್ಲಲ್ಲಿ ಒಂದೊಂದು ಉದ್ದನೆಯ ಕಲ್ಲನ್ನು ಈಚೆಯಿಂದ ಆಚೆಗೆ ಹಾಯಿಸಿದ್ದರು. ಅವುಗಳ ತುದಿ ಗೋಡೆಯಿಂದ ಚಾಚಿಕೊಂಡಿರುತ್ತಿತ್ತು. "ಗೋಡೆಗೂ ಕಿವಿಯಿದೆ ಅಂತಾರಲ್ಲ," ಎಂದ ಅಜ್ಜ, "ನಮ್ಮನೆ ಗೋಡೆಗೆ ಮೂಗೂ ಇದೆ ನೋಡು." ಮಗು ಜ್ವರದಿಂದೆದ್ದ ಮೇಲೆ ಮೊದಲ ಸಲ ನಕ್ಕಿತು. ಅಂದಿನಿಂದ ಅವು ಮೂಗುಗಲ್ಲುಗಳಾದವು. ಚಪ್ಪಟೆ ಮೂಗು ಬಂದರೆ ಅಡುಗೆಮನೆ ಬಾಗಿಲು ಹತ್ತಿರ. ಮುರಿದ ಮೂಗಿನಿಂದ ಕೈ ಕೆಳಗಿಳಿಸಿದರೆ ದೀಪದ ಗೂಡು. ಅಜ್ಜಿಯದರ ಹಾಗೇ ಬಾಗಿದ್ದ ಅಜ್ಜಿ ಮೂಗು ಬಂದರೆ ಪಕ್ಕದಲ್ಲೇ ಮೇಲಟ್ಟದ ಮೆಟ್ಟಿಲು. ಗೋಡೆಯ ದಪ್ಪದೊಳಗೇ ಕೊರೆದಿಟ್ಟಂತಿದ್ದ, ಒಬ್ಬರು ಮಾತ್ರ ಹತ್ತಬಹುದಾದ ಮೆಟ್ಟಿಲು.

ವರ್ಷ ಕಳೆಯುವುದರೊಳಗೆ ಅವಳು ಆ ಮನೆಯಲ್ಲಿ ಓಡತೊಡಗಿದಳು.

ಆಮೇಲೆ ತಮ್ಮ ಹುಟ್ಟಿದ. ಹೆರಿಗೆಯ ನಂತರ ತಾಯಿ ಏಳಲೇ ಇಲ್ಲ, ಕೆಲವು ತಿಂಗಳು ಮಲಗಿದ್ದು ಹೋಗಿಬಿಟ್ಟಳು. ತಮ್ಮನಿಗೆ ಹಾಲು ಕುಡಿಸಿದವಳು, ನಡೆಯಲು ಕಲಿಸಿದವಳು, ಏಟು ಕೊಟ್ಟವಳು, ಎಲ್ಲ ಅವಳೇ. ಆ ಮನೆಗೆ ಅವಳು ದೊಡ್ಡಕ್ಕನಾದದ್ದು ಹಾಗೆ. ಹತ್ತು ಹನ್ನೆರಡು ವರ್ಷದ ಹುಡುಗಿಗೆ ದೊಡ್ಡ ಎಂಬ ಪದವಿ ಬಂದರೆ ಅದು ಮತ್ತೆ ಇಳಿಯುವುದಿಲ್ಲ. ತಮ್ಮನ ಮುಖವನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಅವನು ಚಿಕ್ಕವನಿದ್ದಾಗ ದಿನಾ ಮುಖ ತಡವುತ್ತಿದ್ದಳು. ಮೀಸೆ ಮೊಳೆತ ಮೇಲೆ ಅವನು ನಾಚಿಕೊಂಡು ತಪ್ಪಿಸಿಕೊಳ್ಳತೊಡಗಿದ. ಹಾಗಾಗಿ ಅವನಿಗೆ ಎಷ್ಟೇ ವಯಸ್ಸಾದರೂ ಅವಳ ಬೆರಳಿಗೆ ನೆನಪಿದ್ದದ್ದು ಆ ಉಬ್ಬುಗೆನ್ನೆಯ ಹುಡುಗನೇ.

ದೊಡ್ಡಕ್ಕನಿಗೆ ಮದುವೆಯ ಯೋಗ ಬರಲಿಲ್ಲ ಎಂದು ಜನ ಹೇಳುತ್ತಿದ್ದರು. ಅದು ಸುಳ್ಳು. ಬಂದಿತ್ತು.

ಅವಳಿಗೆ ಇಪ್ಪತ್ತು ದಾಟಿದ ಹೊತ್ತಿನಲ್ಲಿ ಕೊಟ್ಟಿಗೆಯ ಕಡೆಯ ಗೋಡೆ ಹೊಟ್ಟೆ ಬಿಟ್ಟಿತು. ಸೂರಿನ ನೀರು ಒಳಗಿಳಿದು ಮಣ್ಣು ತೊಳೆದು, ಹೊರಮೈ ಉಬ್ಬಿ ಇವತ್ತೋ ನಾಳೆಯೋ ಎಂದು ನಿಂತಿತ್ತು. ಅಪ್ಪ ಪಟ್ಟಣದಿಂದ ಒಬ್ಬ ಕಲ್ಲುಕೆಲಸದವನನ್ನು ಕರೆಸಿದ. ಅವನು ಗೋಡೆ ಬಿಚ್ಚಿ, ಕಲ್ಲುಗಳನ್ನು ಅಂಗಳದಲ್ಲಿ ಹರವಿ, ಒಂದೊಂದನ್ನೇ ಮತ್ತೆ ಏರಿಸುತ್ತ ಬಿಸಿಲುಗಾಲವಿಡೀ ಅಲ್ಲೇ ಇದ್ದ. ದೊಡ್ಡಕ್ಕ ಅವನಿಗೆ ಊಟ ಒಯ್ಯುತ್ತಿದ್ದಳು. ಅವನು ಊಟ ಮಾಡುವಾಗ ಅವಳು ಹರವಿದ ಕಲ್ಲುಗಳನ್ನು ತಡವುತ್ತ ಕೂರುತ್ತಿದ್ದಳು. ಒಂದು ದಿನ ಅವನು, "ಗೋಡೆ ಬೇಗ ಮುಗಿದುಬಿಟ್ರೆ ಏನ್ಮಾಡೋದು ಅಂತ ನಂಗೆ ಚಿಂತೆ ಹತ್ತಿದೆ," ಎಂದ. "ಮುಗೀದೇ ಇದ್ರೆ ದನಕ್ಕೆ ಚಳಿ ಆಗುತ್ತೆ," ಎಂದಳು. ಹಾಗೆಂದವಳ ಕಿವಿ ಮಾತ್ರ ಕೆಂಪಾಗಿತ್ತು.

ಅವನು ಅಪ್ಪನ ಹತ್ತಿರ ನೇರವಾಗಿ ಕೇಳಿದ. ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. "ಕಣ್ಣು ಕಾಣಲ್ಲ ಅಂತ ಗೊತ್ತು ತಾನೆ?" ಎಂದ. "ನಂಗೆ ಕಾಣುತ್ತಲ್ಲ, ಇಬ್ರಿಗೂ ಸಾಕು," ಎಂದನಂತೆ. ಅಪ್ಪ ಮಗಳನ್ನು ಕರೆದುಕೊಂಡು ಪಟ್ಟಣಕ್ಕೆ ಹೋದ, ಅವನಿರುವ ಜಾಗ ನೋಡಿಬರಲು. ಒಂದೇ ತರದ ಬಾಗಿಲುಗಳ ಒಂದು ಸಾಲು, ಅದರಲ್ಲಿ ಅವನದು ಎರಡು ಕೋಣೆ. ಬೇರೆಯವರಿಗೆಲ್ಲ ಕಲ್ಲಿನ ಮನೆ ಕಟ್ಟುವವನು ಇದ್ದದ್ದು ಸಿಮೆಂಟು ಗೋಡೆಗಳ ಬಾಡಿಗೆ ಕೋಣೆಯಲ್ಲಿ. ಗಂಡಸರಿಬ್ಬರೂ ಹೊರಗೆ ಮಾತಾಡುತ್ತಿದ್ದಾಗ ದೊಡ್ಡಕ್ಕ ಒಳಗೆ ಒಬ್ಬಳೇ ಗೋಡೆಗೆ ಕೈಯಿಟ್ಟಳು. ಕೈ ಜಾರಿತು. ಮೂಲೆಯಿಂದ ಮೂಲೆಗೆ ಏನೂ ಇರಲಿಲ್ಲ. ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು, ಒಳಗೆ ಬಂದ ಬಾಗಿಲು ಯಾವುದು, ಪಕ್ಕದ ಕೋಣೆಯ ಬಾಗಿಲು ಯಾವುದು ತಿಳಿಯದೆ ನಿಂತುಬಿಟ್ಟಳು. ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವಳಿಗೆ ತಾನು ಕುರುಡಿ ಅನಿಸಿತು.

ಮನೆಗೆ ಬಂದು ಒಲ್ಲೆ ಎಂದಳು. ಕಾರಣ ಹೇಳಲಿಲ್ಲ. ಕಲ್ಲುಕೆಲಸದವನು ಮತ್ತೊಂದು ಸಲ ಬಂದು ಅಂಗಳದಲ್ಲಿ ನಿಂತು, "ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಎಂದು ಕೇಳಿದ. "ನಿಮ್ದೇನೂ ತಪ್ಪಿಲ್ಲ," ಎಂದು ಒಳಗೆ ಹೋದಳು. ಆಮೇಲೆ ಅವನಿಗೆ ಬೇರೆ ಕಡೆ ಮದುವೆಯಾಯಿತೆಂದು ಸುದ್ದಿ ಬಂತು. ಎಷ್ಟೋ ವರ್ಷಗಳ ಮೇಲೆ ತಮ್ಮನ ಹೆಂಡತಿಯ ಹತ್ತಿರ ಒಂದು ಸಲ ಹೇಳಿದಳು: "ಕೈ ಹಿಡಿಯೋನು ಬಂದಿದ್ದ ಕಣೇ. ಅಷ್ಟೊತ್ತಿಗೆ ಈ ಮನೆ ನನ್ನ ಕೈ ಹಿಡಿದಾಗಿತ್ತು. ಎರಡೆರಡು ಸಂಸಾರ ಹೇಗೆ ಮಾಡೋದು?" ಹೇಳಿ ನಕ್ಕಳು. ತಮ್ಮನ ಹೆಂಡತಿಗೆ ನಗು ಬರಲಿಲ್ಲ.

ಆ ತಮ್ಮನ ಹೆಂಡತಿಯನ್ನು ದೊಡ್ಡಕ್ಕ 'ಹುಡುಗಿ' ಎನ್ನುತ್ತಿದ್ದಳು. ಮದುವೆಯಾಗಿ ಬಂದ ದಿನ ಹಾಗೆ ಕರೆದದ್ದು, ಅವಳ ಕೂದಲು ನರೆತ ಮೇಲೂ ಬದಲಾಗಲಿಲ್ಲ. ಅತ್ತಿಗೆ ನಾದಿನಿಯರು ಒಂದೇ ಸೂರಿನಡಿ ಇದ್ದರೆ ಪಾತ್ರೆಗಿಂತ ಹೆಚ್ಚು ಸದ್ದು ಮಾಡುತ್ತಾರೆ ಎನ್ನುವುದುಂಟು. ಇವರಿಬ್ಬರೂ ಸದ್ದು ಮಾಡಿದರು ನಿಜ, ಆದರೆ ಅದು ನಗುವಿನದು. ಹುಡುಗಿ ಹೊಲ ನೋಡಿಕೊಂಡಳು, ದೊಡ್ಡಕ್ಕ ಹಸು, ಅಡುಗೆ, ಮಗು ನೋಡಿಕೊಂಡಳು. ಹುಟ್ಟಿದ ಒಬ್ಬಳೇ ಮಗಳು ಇಬ್ಬರ ಕೈಯಲ್ಲೂ ಬೆಳೆದು, ಮದುವೆಯಾಗಿ ಪಟ್ಟಣಕ್ಕೆ ಹೋದಳು. ಮನೆಯಲ್ಲಿ ಮೂವರು ಉಳಿದರು, ಚೆನ್ನಾಗಿಯೇ ಇದ್ದರು.

ದೊಡ್ಡಕ್ಕನಿಗೆ ಅರವತ್ತೈದು ದಾಟಿದ ಮೇಲೆ ಒಂದು ಮಳೆಗಾಲದ ಬೆಳಿಗ್ಗೆ ಅಂಗಳದ ಹಾಸುಗಲ್ಲಿನ ಮೇಲೆ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಡಾಕ್ಟರು ತಮ್ಮನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಿದ್ರೆ ಏಳೋದು ಕಷ್ಟ. ಮನೇಲಿ ಮೆಟ್ಟಿಲು, ಹೊಸ್ತಿಲು ಏನೂ ಇರಬಾರದು. ನೆಲ ಸಮ ಇರ್ಲಿ, ಬಚ್ಚಲು ಹತ್ರ ಇರ್ಲಿ," ಎಂದರು. ನಡೆಯಲು ಬರುವ ತನಕ ಮಗಳ ಮನೆಯಲ್ಲಿರಲಿ ಎಂದಾಯಿತು.

ತಮ್ಮ ಊರಿಗೆ ಬಂದವನು ಮನೆಯನ್ನೆಲ್ಲ ಒಂದು ಸುತ್ತು ನೋಡಿದ. ಹುಟ್ಟಿದಾಗಿನಿಂದ ಕಂಡ ಮನೆ ಅವನಿಗೆ ಇದ್ದಕ್ಕಿದ್ದಂತೆ ಕೊಲೆಗಡುಕನಂತೆ ಕಂಡಿತು. ಎಲ್ಲಿ ನೋಡಿದರೂ ಎಡವುವ ಜಾಗ. ಹೊಸ್ತಿಲು, ತಗ್ಗು, ಚಾಚಿದ ಕಲ್ಲು, ಕತ್ತಲೆಯ ಮೆಟ್ಟಿಲು. "ಇಷ್ಟು ದಿನ ಅವಳು ಬೀಳದೇ ಇದ್ದದ್ದೇ ಹೆಚ್ಚು," ಎಂದ.

"ಅಕ್ಕನ್ನ ಒಂದು ಮಾತು ಕೇಳೋಣ್ವಾ?" ಎಂದಳು ಹುಡುಗಿ.

"ಕೇಳಿದ್ರೆ ಬೇಡ ಅಂತಾಳೆ. ಹುಟ್ಟಿದಾಗಿಂದ ತನಗೆ ಅಂತ ಏನು ಕೊಟ್ರೂ ಬೇಡ ಅಂದೇ ಬಂದಿದಾಳೆ. ಒಂದ್ಸಲನಾದ್ರೂ ಕೇಳದೇ ಕೊಡ್ತೀನಿ."

ಅವನ ದನಿಯಲ್ಲಿದ್ದ ಪ್ರೀತಿಯನ್ನು ನೋಡಿ ಹುಡುಗಿ ಸುಮ್ಮನಾದಳು. ಹಾಗೆ ಸುಮ್ಮನಾದದ್ದನ್ನು ಮುಂದೆ ಅವಳು ಎಷ್ಟು ಸಲ ನೆನೆದಳೋ.

ಮೇಸ್ತ್ರಿ ಬಂದ, ಆಳುಗಳು ಬಂದರು. ಹೊಸ್ತಿಲುಗಳನ್ನು ಕಿತ್ತರು. ಅಡ್ಡಗಲ್ಲು ತೆಗೆದು ಬಾಗಿಲು ಎತ್ತರಿಸಿದರು. ದನಗಳಿಗೆ ಆಚೆ ತಗಡಿನ ಕೊಟ್ಟಿಗೆ ಹಾಕಿ, ಹಳೆಯ ಕೊಟ್ಟಿಗೆಯ ತಗ್ಗು ತುಂಬಿ, ಅಲ್ಲಿ ದೊಡ್ಡಕ್ಕನಿಗೆಂದೇ ದೊಡ್ಡ ಕೋಣೆ ಮತ್ತು ಬಚ್ಚಲು ಮಾಡಿದರು. ಮೆಟ್ಟಿಲಿಗೆ ಬಾಗಿಲು ಜಡಿದು ಮುಚ್ಚಿದರು. ದೀಪದ ಗೂಡುಗಳಿಗೆ ಇಟ್ಟಿಗೆ ತುಂಬಿದರು. ಗೋಡೆಗೆ ಸಿಮೆಂಟಿನ ಗಿಲಾವು ಹಿಡಿಯಬೇಕಾದರೆ ಮೈ ಸಮ ಇರಬೇಕು. ಹಾಗಾಗಿ ಚಾಚಿಕೊಂಡ ಕಲ್ಲುಗಳನ್ನು ಸುತ್ತಿಗೆಯಿಂದ ಹೊಡೆದು ಹಾಕಿದರು. ಅದರ ಮೇಲೆ ಸಿಮೆಂಟು, ಅದರ ಮೇಲೆ ಬಣ್ಣ. ತಮ್ಮ ದಿನವಿಡೀ ಮೇಸ್ತ್ರಿಯ ಬೆನ್ನ ಹಿಂದೆಯೇ ನಿಂತು ಅಂಗೈಯಿಂದ ಗೋಡೆ ಸವರಿ, "ಇಲ್ಲಿ ಇನ್ನೂ ಒರಟಿದೆ ನೋಡು, ಅಕ್ಕನ ಕೈಗೆ ತರಚಬಾರದು," ಎನ್ನುತ್ತಿದ್ದ.

ಅಲ್ಲಿ ಮಗಳ ಮನೆಯಲ್ಲಿ ದೊಡ್ಡಕ್ಕ ಕುರ್ಚಿಯಲ್ಲಿ ಕೂತೇ ದಿನ ಕಳೆಯುತ್ತಿದ್ದಳು. ಅಲ್ಲಿಯ ಗೋಡೆಗಳು ಸೋಪಿನಂತೆ ಜಾರುತ್ತಿದ್ದವು. ಮಗಳು ಒಳ್ಳೆಯವಳು, ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ನಾಲ್ಕು ದಿನದ ನೆಂಟಸ್ತಿಕೆ ಎಂದು ದೊಡ್ಡಕ್ಕ ಹಲ್ಲು ಕಚ್ಚಿ ಸಹಿಸಿದಳು. ಊಟವಾದ ಮೇಲೆ ಸುಮ್ಮನೆ ಕೂತು ಮನಸ್ಸಿನಲ್ಲೇ ಊರಿನ ಮನೆಗೆ ಹೋಗುತ್ತಿದ್ದಳು. ಬಾಗಿಲು, ಹೊಸ್ತಿಲ ನಡುವೆ ತಲೆಮಾರುಗಳ ಕಾಲು ಸವೆಸಿದ ಗುಳಿ, ಎಡಗೈಗೆ ಚಪ್ಪಟೆ ಮೂಗು, ಆಮೇಲೆ ಮುರಿದ ಮೂಗು. ಕಾಳಿನ ಕೋಣೆ ಬರುವಷ್ಟರಲ್ಲಿ ನಿದ್ದೆ ಹತ್ತಿರುತ್ತಿತ್ತು.

ಚಳಿಗಾಲ ಇಳಿದ ಮೇಲೆ ಅವಳನ್ನು ಕರೆತಂದರು. ತಮ್ಮ ಕಾರಿನಿಂದ ಇಳಿಸಿ, "ಅಕ್ಕ, ಇನ್ನು ನೀನು ಎಲ್ಲೂ ಎಡವಲ್ಲ, ನೋಡು," ಎಂದ. ಅವನ ದನಿ ಹಬ್ಬದ ಬಟ್ಟೆ ತೊಟ್ಟ ಮಗುವಿನದರ ಹಾಗಿತ್ತು. ದೊಡ್ಡಕ್ಕ ಅಭ್ಯಾಸದಂತೆ ತಲೆ ತಗ್ಗಿಸಿ ಕಾಲೆತ್ತಿ ಇಟ್ಟಳು. ಎತ್ತಿದ ಕಾಲು ಸಿಗಬೇಕಾದಲ್ಲಿ ಏನೂ ಸಿಗದೆ ಧಪ್ಪೆಂದು ಕೆಳಗೆ ಬಿತ್ತು. ಮೈ ಜೋಲಿ ಹೊಡೆಯಿತು. ತಮ್ಮ ಹಿಡಿದುಕೊಂಡ.

ಅವಳು ಎಡಗೈ ಚಾಚಿದಳು. ಗೋಡೆ ಸಿಕ್ಕಿತು. ಕೈ ಅದರ ಮೇಲೆ ಮುಂದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು, ಮೇಲೆ ಹೋಯಿತು, ಕೆಳಗೆ ಬಂತು. ಹುಡುಗಿ ಆ ಕೈಯನ್ನೇ ನೋಡುತ್ತ ನಿಂತಿದ್ದಳು. ಕಳೆದುಹೋದ ಕರುವನ್ನು ಹುಡುಕುವ ಹಸುವಿನಂತೆ ಅದು ಅಲ್ಲೇ ಅಲ್ಲೇ ಸುತ್ತುತ್ತಿತ್ತು.

"ಹೇಗಿದೆ ಅಕ್ಕ?"

ದೊಡ್ಡಕ್ಕ ಕೈ ಇಳಿಸಿದಳು. "ಚೆನ್ನಾಗಿದೆ," ಎಂದಳು. "ಪಾಪ, ಎಷ್ಟು ಕಷ್ಟಪಟ್ಟಿದೀಯ."

ಕಲಿಯಬಹುದು ಎಂದುಕೊಂಡಳು. ಒಂಬತ್ತು ವರ್ಷದ ಮಗು ಕಲಿತಿರಲಿಲ್ಲವೇ? ಆದರೆ ಆ ಮಗುವಿಗೆ ಕಲಿಯಲು ಏನಾದರೂ ಇತ್ತು. ಇಲ್ಲಿ ಬೆರಳಿಗೆ ಅಕ್ಷರವೇ ಇರಲಿಲ್ಲ. ಬರೀ ಗೋಡೆಯಲ್ಲ, ಮನೆಯ ದನಿಯೂ ಹೋಗಿತ್ತು. ಮೊದಲು ನಡುಮನೆಯಲ್ಲಿ ಕೆಮ್ಮಿದರೆ ಒಂದು ಸದ್ದು, ಕಾಳಿನ ಕೋಣೆಯ ಬಾಗಿಲಲ್ಲಿ ಕೆಮ್ಮಿದರೆ ಬೇರೆ ಸದ್ದು. ಒಂದು ಕಡೆ ದನದ ಬಿಸುಪು, ಇನ್ನೊಂದು ಕಡೆ ಮಣ್ಣಿನ ತಂಪು ಬಂದು ಮುಖಕ್ಕೆ ತಾಗುತ್ತಿತ್ತು. ಈಗ ಎಲ್ಲ ಕೋಣೆಯೂ ಒಂದೇ ತರ ಗುಂಯ್‌ಗುಟ್ಟುತ್ತಿತ್ತು, ಎಲ್ಲ ಕಡೆಯೂ ಬಣ್ಣದ ವಾಸನೆ. ಹಸುಗಳು ಅಂಗಳದಾಚೆ ಎಲ್ಲೋ ಕೂಗುತ್ತಿದ್ದವು; ಹಾಲು ಕರೆಯಲು ಈಗ ಆಳೊಬ್ಬಳು ಬರುತ್ತಿದ್ದಳು. ಅಡುಗೆಮನೆಗೆ ಹೊರಟವಳು ಬಚ್ಚಲ ಬಾಗಿಲಲ್ಲಿರುತ್ತಿದ್ದಳು. "ಅಕ್ಕ, ನೀನು ಕೂತ್ಕೋ, ಇನ್ನಾದ್ರೂ ಆರಾಮ ತಗೋ," ಎನ್ನುತ್ತಿದ್ದ ತಮ್ಮ. ಅವಳ ತಡವರಿಕೆಯನ್ನು ಅವನು ವಯಸ್ಸಿನ ಲೆಕ್ಕಕ್ಕೆ ಹಾಕಿದ.

ಒಂದು ಮಧ್ಯಾಹ್ನ ಇಬ್ಬರೂ ಹೊಲಕ್ಕೆ ಹೋಗಿದ್ದರು. ಹುಡುಗಿ ಮೊದಲು ವಾಪಸು ಬಂದಳು. ದೊಡ್ಡಕ್ಕ ಕೋಣೆಯಲ್ಲಿರಲಿಲ್ಲ, ಕುರ್ಚಿಯಲ್ಲಿರಲಿಲ್ಲ. ನಡುಮನೆಯ ಮೂಲೆಯಲ್ಲಿ, ಹೊಸ ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಸೀರೆ ಒದ್ದೆಯಾಗಿತ್ತು, ಹೊಸ ಟೈಲ್ಸ್ ನೆಲದ ಮೇಲೆ ನೀರು ಹರಿದಿತ್ತು. ಹುಟ್ಟಿ ಬೆಳೆದ ಮನೆಯಲ್ಲಿ ಬಚ್ಚಲಿಗೆ ದಾರಿ ಸಿಗದೆ ಅವಳು ಅಲ್ಲೇ ನಿಂತುಬಿಟ್ಟಿದ್ದಳು.

"ಅಕ್ಕ."

"ಹುಡುಗೀ, ನೀನೊಬ್ಳೇ ಬಂದ್ಯಾ?"

"ಒಬ್ಳೇ."

ಹುಡುಗಿ ಕೈ ಹಿಡಿದು ಕರೆದೊಯ್ದು, ಬಿಸಿನೀರು ಹೊಯ್ದು, ಬೇರೆ ಸೀರೆ ಉಡಿಸಿ, ನೆಲ ಒರೆಸಿದಳು. ಕೊನೆಗೆ ತಲೆ ಬಾಚಲು ಕೂತಾಗ ತಡೆಯಲಾಗದೆ, "ಅವರಿಗೆ ಹೇಳ್ತೀನಿ ಅಕ್ಕ. ಏನಾದ್ರೂ ಮಾಡ್ಲಿ," ಎಂದಳು.

"ಬೇಡ್ವೇ. ನನ್ನಾಣೆ. ಅವನು ಗೋಡೆ ಸವರಿ ಸವರಿ ಅಂಗೈ ಸುಲಿದ್ಕೊಂಡಿದಾನೆ, ನಂಗೆ ಗೊತ್ತಾಗಲ್ವಾ? ಹಿಡಿದ್ರೆ ಇನ್ನೂ ಒರಟು. ಹೇಳಿದ್ರೆ ಸತ್ತೇ ಹೋಗ್ತಾನೆ."

ಅಲ್ಲಿಂದ ಮುಂದೆ ದೊಡ್ಡಕ್ಕ ಹೊರಗೆ ಕೂರಲು ಶುರು ಮಾಡಿದಳು. ಹೊರಮೈಗೆ ಗಿಲಾವು ಮಾಡಿರಲಿಲ್ಲ. ಕಾಳಿನ ಕೋಣೆಯ ಹಿಂಬದಿಯಲ್ಲಿ ಅದೇ ಎತ್ತಿನ ತಲೆಯಂಥ ಕಲ್ಲುಗಳು ಹಾಗೇ ಇದ್ದವು. ಬೆಳಗಿನ ತಿಂಡಿಯಾದ ಮೇಲೆ ಹುಡುಗಿ ಕೈ ಹಿಡಿದು ಬಿಟ್ಟುಬರುತ್ತಿದ್ದಳು. ಸಂಜೆಯ ತನಕ ಬೆನ್ನು ಆ ಕಲ್ಲಿಗೆ ಕೊಟ್ಟು, ಎರಡೂ ಅಂಗೈ ಪಕ್ಕಕ್ಕೆ ಒತ್ತಿ ಕೂತಿರುತ್ತಿದ್ದಳು. "ಇಲ್ಲಿ ಕೂತ್ರೆ ಮನೆಯೊಳಗೆ ಇದ್ದ ಹಾಗಿರುತ್ತೆ," ಎಂದಳು ಒಂದು ದಿನ. ಮಳೆ ಬಂತು, ಮಳೆ ಹೋಗಿ ಮತ್ತೆ ಚಳಿ ಬಂತು. ಅವಳು ಕಂಬಳಿ ಹೊದ್ದು ಅಲ್ಲೇ ಕೂತಳು.

ತಮ್ಮನಿಗೆ ಸಹಿಸಲಾಗಲಿಲ್ಲ. ದಾರಿಯಲ್ಲಿ ಹೋಗುವವರು ಏನೋ ಅಂದದ್ದು ಅವನ ಕಿವಿಗೆ ಬಿದ್ದಿತ್ತು. ಒಂದು ಸಂಜೆ ಹೊಲದಿಂದ ಬಂದವನು ಹಿತ್ತಿಲಿಗೆ ಹೋಗಿ ಅವಳ ಮುಂದೆ ನಿಂತ.

"ಏಳು ಅಕ್ಕ. ಒಳಗೆ ಬೆಚ್ಚಗೆ ಕೋಣೆ ಇದೆ, ಮೆತ್ತನೆ ಹಾಸಿಗೆ ಇದೆ. ಇಲ್ಲಿ ಮಂಜಲ್ಲಿ ಕೂತು ಊರಿಗೆಲ್ಲ ತೋರಿಸ್ತಿದೀಯಲ್ಲ, ತಮ್ಮ ಹೊರಗೆ ಹಾಕಿದಾನೆ ಅಂತ. ನಾನೇನು ಕಮ್ಮಿ ಮಾಡಿದೀನಿ ನಿಂಗೆ?"

"ಕಮ್ಮಿ ಏನೂ ಮಾಡಿಲ್ಲ."

"ಮತ್ತೆ? ಹೇಳು! ಆ ಹಳೇ ಗುಹೇಲಿ ಬಿದ್ದು ಸಾಯಬೇಕಿತ್ತಾ ನೀನು?"

"ಅಲ್ಲಿ ನಾನು ಯಾವತ್ತು ಬಿದ್ದಿದ್ದೆ ಹೇಳೋ?" ದೊಡ್ಡಕ್ಕನ ದನಿ ಏರಿತು. ಹಿಂದೆಯೇ ಬಂದಿದ್ದ ಹುಡುಗಿ ಆ ದನಿಯನ್ನು ಅದುವರೆಗೆ ಕೇಳಿರಲಿಲ್ಲ. "ಬಿದ್ದಿದ್ದು ಅಂಗಳದಲ್ಲಿ, ಮಳೇಲಿ. ನಿನ್ನಂಥ ಕಣ್ಣಿರೋನೂ ಬೀಳ್ತಿದ್ದ. ಮನೆಯೊಳಗೆ ಒಂದ್ಸಲ ಎಡವಿದ್ದು ನೋಡಿದೀಯೇನೋ ನೀನು? ಆ ಕಲ್ಲುಗಳು ನಂಗೆ ಕಣ್ಣಾಗಿದ್ವು ಕಣೋ. ಒಂದ್ಸಲ ಜ್ವರ ಕಿತ್ತುಕೊಂಡು ಹೋಯ್ತು. ಇನ್ನೊಂದ್ಸಲ ನೀನು ಕಿತ್ತೆ."

ತಮ್ಮ ತಿರುಗಿ ಹೊರಟ. ಆಡಿದ ಮಾತು ಒಡೆದ ಮುತ್ತು; ದೊಡ್ಡಕ್ಕ ಕೈ ಮುಂದೆ ಚಾಚಿ, "ಲೋ, ಬಾ ಇಲ್ಲಿ, ಹಾಗಲ್ಲ," ಎಂದಳು. ಅವನ ಹೆಜ್ಜೆ ಸದ್ದು ಆಗಲೇ ದೂರ ಹೋಗಿತ್ತು.

ಮಾರನೆಯ ಬೆಳಿಗ್ಗೆ ಬಡಿಯುವ ಸದ್ದಿಗೆ ಹೆಂಗಸರಿಬ್ಬರೂ ಎದ್ದರು. ತಮ್ಮ ಉಳಿ ಸುತ್ತಿಗೆ ಹಿಡಿದು ನಡುಮನೆಯ ಗೋಡೆ ಕೆರೆಯುತ್ತಿದ್ದ. ಸಿಮೆಂಟು ಹಪ್ಪಳ ಹಪ್ಪಳವಾಗಿ ಬೀಳುತ್ತಿತ್ತು, ಮನೆಯೆಲ್ಲ ಧೂಳು. ಹುಡುಗಿ ಬೇಡವೆಂದಳು. ಅವನು ಕೇಳಲಿಲ್ಲ, ನೀರೂ ಕುಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನಿಂದ ಅಡುಗೆಮನೆಯ ತನಕ ಎದೆಯೆತ್ತರಕ್ಕೆ ಒಂದು ಪಟ್ಟಿ ಕಲ್ಲು ಬಯಲಾಗಿತ್ತು. ಆಗ ಹೆಂಡತಿಗೆ, "ಅಕ್ಕನ್ನ ಕರ್ಕೊಂಡು ಬಾ," ಎಂದ.

ದೊಡ್ಡಕ್ಕ ಬಂದು ಗೋಡೆಗೆ ಕೈಯಿಟ್ಟಳು. ಕಲ್ಲು ಕೈಗೆ ಸಿಕ್ಕಿತು. ಆದರೆ ಅದು ಗಿಲಾವು ಕಚ್ಚಲೆಂದು ಮೇಸ್ತ್ರಿ ಮೈತುಂಬ ಕಚ್ಚು ಹೊಡೆದ ಕಲ್ಲು. ಬೆರಳು ಹೋದಲ್ಲೆಲ್ಲ ಒಂದೇ ತರದ ಗುಳಿ, ಒಂದೇ ತರದ ಮೊನೆ. ಚಪ್ಪಟೆ ಮೂಗು ಇದ್ದ ಕಡೆ ಮುರಿದ ಮೈಯ ಚೂಪು ಅಂಚು ತಾಗಿ ಬೆರಳು ಕುಯ್ದುಕೊಂಡಿತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡಳು.

"ಸಿಕ್ತಾ ಅಕ್ಕ?" ಎಂದ ತಮ್ಮ.

ಸಿಕ್ಕಿತು ಎನ್ನಬೇಕೆಂದು ಅವಳು ಬಾಯಿ ತೆರೆದಳು. ಆಗಲಿಲ್ಲ. ಅವನ ದನಿ ಬಂದ ಕಡೆ ಹೋಗಿ, ತಡವಿ, ಉಳಿ ಹಿಡಿದ ಕೈಯನ್ನು ಹಿಡಿದುಕೊಂಡಳು. "ಸಾಕು ಬಿಡು," ಎಂದಳು. "ಕೈಯೆಲ್ಲ ಬೊಬ್ಬೆ ಬಂದಿದೆ." ಎಷ್ಟೋ ವರ್ಷಗಳ ಮೇಲೆ ಅವನ ಮುಖಕ್ಕೆ ಕೈಯಿಟ್ಟಳು. ಕೆನ್ನೆ ಒಳಗೆ ಹೋಗಿತ್ತು, ಚರ್ಮ ಸಡಿಲವಾಗಿತ್ತು, ಧೂಳಿನ ಮೇಲೆ ಎರಡು ಒದ್ದೆ ಗೆರೆ. ಅವಳ ಬೆರಳಿಗೆ ಅವನ ಗುರುತೂ ಹತ್ತಲಿಲ್ಲ. "ಇಷ್ಟು ಮುದುಕ ಆಗಿದೀಯೇನೋ," ಎಂದಳು, ಮತ್ತೆ ಮತ್ತೆ ತಡವಿದಳು. ಅವನು ತಪ್ಪಿಸಿಕೊಳ್ಳಲಿಲ್ಲ.

ಹುಡುಗಿಗೆ ನೆನಪಾದದ್ದು ಕಾಳಿನ ಕೋಣೆ. ಅಲ್ಲಿ ಸಾಮಾನು ತುಂಬಿದ್ದರಿಂದ ಮೇಸ್ತ್ರಿ ಮೂರು ಗೋಡೆ ಮಾತ್ರ ಮುಗಿಸಿದ್ದ. ಹಿಂಬದಿಯ ಗೋಡೆಗೆ ಒತ್ತಿಕೊಂಡಿದ್ದ ದೊಡ್ಡ ಕಣಜವನ್ನು ಅಲುಗಿಸಲಾಗದೆ ಬಿಟ್ಟಿದ್ದ. ಮರುದಿನ ಗಂಡ ಹೆಂಡತಿ ಸೇರಿ ಕಣಜ ಖಾಲಿ ಮಾಡಿ ಎಳೆದರು. ಹಿಂದೆ ಜೇಡರ ಬಲೆಯೊಳಗೆ ಹಳೆಯ ಗೋಡೆ ಹಾಗೇ ನಿಂತಿತ್ತು. ದೊಡ್ಡಕ್ಕನ ಮಂಚ ಅಲ್ಲಿಗೆ ಬಂತು. ಇಡೀ ಮನೆಯಲ್ಲಿ ಅವಳ ಪಾಲಿಗೆ ಉಳಿದದ್ದು ಒಂದು ಮಂಚದುದ್ದದ ಗೋಡೆ. ಅದಕ್ಕೆ ಮುಖ ಮಾಡಿ ಮಲಗುತ್ತಿದ್ದಳು.

ಆ ಚಳಿಗಾಲದಲ್ಲಿ ಹತ್ತಿದ ಕೆಮ್ಮು ಇಳಿಯಲಿಲ್ಲ. ಹಿತ್ತಿಲಿನ ಮಂಜು ಎದೆಗಿಳಿದಿತ್ತು. ಡಾಕ್ಟರು ಬಂದು ಔಷಧಿ ಕೊಟ್ಟು, ಬಾಗಿಲಾಚೆ ತಮ್ಮನಿಗೆ ಮೆಲ್ಲಗೆ ಏನೋ ಹೇಳಿ ಹೋದರು. ತಮ್ಮ ದಿನಾ ಸಂಜೆ ಮಂಚದ ಅಂಚಿನಲ್ಲಿ ಕೂರುತ್ತಿದ್ದ. ಹಸು ಗಬ್ಬವಾದದ್ದು, ಮಗಳು ಫೋನು ಮಾಡಿದ್ದು, ಅಷ್ಟೇ ಮಾತು.

ಒಂದು ಸಂಜೆ ದೊಡ್ಡಕ್ಕ ತಾನಾಗಿಯೇ ಕೇಳಿದಳು: "ಅಲ್ವೋ, ಮನೆಗೆ ಯಾವ ಬಣ್ಣ ಹೊಡೆಸಿದೀಯ? ನಾನು ಕೇಳೇ ಇಲ್ಲ ನೋಡು."

ತಮ್ಮ ಸುತ್ತ ನೋಡಿದ. ಕೋಣೆಯಲ್ಲಿ ಆಗಲೇ ಕತ್ತಲಾಗಿತ್ತು. ಗೋಡೆ ನುಣುಪಾಗಿದೆಯೇ ಎಂದು ಇಂಚಿಂಚೂ ಸವರಿದ್ದವನು ಬಣ್ಣವನ್ನು ನೋಡಿಯೇ ಇರಲಿಲ್ಲ. "ಲೇ," ಎಂದು ಅಡುಗೆಮನೆಯ ಕಡೆ ಕೂಗಿದ, "ನಮ್ಮನೆ ಗೋಡೆ ಯಾವ ಬಣ್ಣ?"

"ದಿನಾ ಅದರೊಳಗೇ ಇದೀರಲ್ಲ!" ಎಂದು ಹುಡುಗಿ ಸೌಟು ಹಿಡಿದೇ ಬಂದಳು. "ತಿಳಿ ಹಳದಿ. ಬೆಣ್ಣೆ ತರ."

ದೊಡ್ಡಕ್ಕ ನಕ್ಕಳು. ಪಟ್ಟಣದಿಂದ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೂ ಮುಖದಲ್ಲಿ ಉಳಿಯಿತು. "ಹಳದಿ ನಂಗೆ ನೆನಪಿದೆ," ಎಂದಳು. "ಅಮ್ಮ ಒಂದು ಹಳದಿ ಸೀರೆ ಒಣಗಿ ಹಾಕ್ತಿದ್ಲು, ಅಂಗಳದಲ್ಲಿ. ಬಿಸಿಲು ಅದರ ಆ ಕಡೆಯಿಂದ ಬರ್ತಿತ್ತು. ಒಳ್ಳೇ ಬಣ್ಣ ಕಣೋ. ಚೆನ್ನಾಗೇ ಮಾಡಿಸಿದೀಯ."

ಅವಳು ಅದನ್ನು ಮನಸಾರೆ ಹೇಳಿದಳೋ, ಅವನ ಸಲುವಾಗಿ ಹೇಳಿದಳೋ, ತಮ್ಮನಿಗೆ ಕೊನೆಗೂ ತಿಳಿಯಲಿಲ್ಲ.

ಚಳಿ ಇನ್ನೂ ಇಳಿಯದ ಒಂದು ಬೆಳಿಗ್ಗೆ ಹುಡುಗಿ ಬಿಸಿನೀರು ತೆಗೆದುಕೊಂಡು ಹೋದಾಗ ದೊಡ್ಡಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎರಡು ಕಲ್ಲಿನ ನಡುವೆ ಮಣ್ಣು ಉದುರಿದ ಸಂದಿನಲ್ಲಿ ಬೆರಳುಗಳು ಸಿಕ್ಕಿಕೊಂಡಿದ್ದವು. ಮೈ ತಣ್ಣಗಾಗಿತ್ತು. ಹುಡುಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಎದೆಯ ಮೇಲಿಟ್ಟು, ಆಮೇಲೆ ಗಂಡನನ್ನು ಕೂಗಿದಳು.

ಹೊಲದಾಚೆಯ ದಿಬ್ಬದಲ್ಲಿ ಅವಳನ್ನು ಮಣ್ಣು ಮಾಡಿದರು. ಮಗಳು ಬಂದು ಕೆಲವು ದಿನ ಇದ್ದು ಹೋದಳು. ಕಣಜವನ್ನು ಮತ್ತೆ ಹಳೆಯ ಜಾಗಕ್ಕೆ ತಳ್ಳಲು ತಮ್ಮ ಒಪ್ಪಲಿಲ್ಲ. ಕಾಳನ್ನು ಚೀಲಗಳಲ್ಲಿ ತುಂಬಿ ಈಚೆ ಗೋಡೆಗೆ ಒರಗಿಸಿದರು. ಬಿತ್ತನೆಯ ಕಾಲ ಬಂದಾಗ ಬೀಜ ತರಲು ಅವನು ಕೋಣೆಯ ಬಾಗಿಲ ತನಕ ಹೋದ. ಅಲ್ಲೇ ಸ್ವಲ್ಪ ಹೊತ್ತು ನಿಂತು ಹಿಂದಿರುಗಿ ಬಂದು, "ನೀನೇ ಹೋಗಿ ತಗೊಂಡು ಬಾ," ಎಂದು ಹೆಂಡತಿಗೆ ಹೇಳಿದ. ಅದರ ಮುಂದಿನ ವರ್ಷವೂ ಅವಳೇ ತಂದಳು.